ಒಂದೇ ದಿನ ತೆಗೆದ ಫೋಟೊಗಳು

ಸಂಗೀತಳಿಗೆ ಕಳಿಸಿದ ಹದಿನಾರು ಮೆಸೇಜಿಗೂ ಒಂದೊಂದೇ ಟಿಕ್ ಬಿದ್ದಿತ್ತು. ಎರಡು ದಿನದಿಂದ ಹಾಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದೆ, ಹಲ್ಲುಜ್ಜುತ್ತ ನೋಡಿದೆ, ದೋಸೆ ತಿನ್ನುವಾಗ ಎಡಗೈಯಲ್ಲಿ ಫೋನು ಹಿಡಿದು ನೋಡಿದೆ. "ಅದ್ರಲ್ಲಿ ಎಂತ ಇದ್ದೇ ಅಷ್ಟೊಂದು?" ಎಂದು ಅಮ್ಮ ಗದರಿದಳು. ಏನಿಲ್ಲ ಎಂದೆ.

ಸಂಗೀತ ವಿಯೆಟ್ನಾಮಿನಲ್ಲಿದ್ದಳು, ನಾನು ಸೊರಬದಲ್ಲಿದ್ದೆ. ಅವಳ ಮನೆಯವರ ಪ್ರಕಾರ ನಾನೂ ವಿಯೆಟ್ನಾಮಿನಲ್ಲೇ ಇದ್ದೆ. ನಮ್ಮ ಮನೆಯವರ ಪ್ರಕಾರ ಅವಳೂ ನನ್ನ ಜೊತೆ ವಾಪಸು ಬಂದು ಶಿವಮೊಗ್ಗದ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎರಡು ಮನೆಗೆ ಎರಡು ಸುಳ್ಳು ಹೇಳಿದ್ದೆವು. ಆ ಮನೆಯವರು ಈ ಮನೆಯವರನ್ನು ಒಮ್ಮೆಯೂ ಕಂಡಿರಲಿಲ್ಲವಾದ್ದರಿಂದ ಸುಳ್ಳು ಆರಾಮಾಗಿ ನಡೆಯುತ್ತಿತ್ತು.

ನಾವಿಬ್ಬರೂ ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರು. ಅವಳದು ಗಣಿತ, ನನ್ನದು ವಿಜ್ಞಾನ. ಒಂದೇ ರೂಮು, ಒಂದೇ ಗ್ಯಾಸ್ ಒಲೆ. ಅವಳ ಊರು ಶಿಕಾರಿಪುರ ತಾಲ್ಲೂಕಿನ ಈಸೂರಿನ ಪಕ್ಕ. ಅಪ್ಪ ಹುಚ್ಚರಾಯಪ್ಪನವರು ಒಂದಿಷ್ಟು ಮೆಕ್ಕೆಜೋಳ ಬೆಳೆಯುತ್ತಾರೆ, ನೂರರ ಮೇಲೆ ಕುರಿ ಸಾಕಿದ್ದಾರೆ. ನನ್ನಪ್ಪ ಗಣಪಯ್ಯ ಸೊರಬದಲ್ಲಿ ವಕೀಲ. ನಮ್ಮ ಮನೆ ಬಸ್‌ಸ್ಟ್ಯಾಂಡಿನ ಹಿಂದೆ, ಲೋಕೇಶನ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ದಸರೆ ರಜೆಗೆ ಮೂರು ವಾರ ವಿಯೆಟ್ನಾಮ್ ತಿರುಗಿ ಬರೋಣ ಎಂದವಳು ಸಂಗೀತ. ಒಂದೂವರೆ ವರ್ಷ ಸಂಬಳದಲ್ಲಿ ಉಳಿಸಿದ್ದಳು. ಯಾವ ಬಸ್ಸು, ಯಾವ ಹಾಸ್ಟೆಲ್ಲು, ಎಲ್ಲಿ ಅಗ್ಗದ ಊಟ, ಎಲ್ಲವನ್ನೂ ಪಾಠದ ಟಿಪ್ಪಣಿಯ ಹಾಗೆ ಬರೆದಿಟ್ಟುಕೊಂಡಿದ್ದಳು. ನಾನು ಹೂಂ ಎಂದಿದ್ದೆ, ಅಷ್ಟೇ.

ಮೊದಮೊದಲು ಮಜವಾಗಿತ್ತು ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೆನ್ನಿಗೊಂದು ಚೀಲ, ಅಷ್ಟೇ ಸಾಮಾನು. ರಾತ್ರಿ ಬಸ್ಸಿನಲ್ಲೇ ಮಲಗಿದರೆ ರೂಮಿನ ಬಾಡಿಗೆ ಉಳಿಯುತ್ತದೆ ಎಂಬುದು ಅವಳ ಗಣಿತ. ಬಸ್ಸಿಲ್ಲದ ದಿನ ಎಂಟು ಜನ ಮಲಗುವ ಡಾರ್ಮಿಟರಿಯಲ್ಲಿ ಮೇಲೊಂದು ಕೆಳಗೊಂದು ಮಂಚ. ನಾನು ಮೀನು ಮಾಂಸ ಮುಟ್ಟುವವಳಲ್ಲ, ಅಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ. ಸಂಗೀತ ಪ್ರತಿ ಅಂಗಡಿಯಲ್ಲೂ ಫೋನಿನಲ್ಲಿ ಅನುವಾದ ತೋರಿಸಿ, ಕೈಸನ್ನೆ ಬಾಯಿಸನ್ನೆ ಮಾಡಿ, ನನಗೊಂದು ಬಟ್ಟಲು ಅನ್ನ, ನಾಲ್ಕು ತುಂಡು ಹುರಿದ ತೋಫು ಗಿಟ್ಟಿಸಿದ ಮೇಲೆಯೇ ತನ್ನ ಊಟಕ್ಕೆ ಹೇಳುತ್ತಿದ್ದಳು. ಐದನೆಯ ದಿನ ಬಾಡಿಗೆ ಬೈಕಿನಿಂದ ಇಳಿಯುವಾಗ ಸೈಲೆನ್ಸರ್ ತಗಲಿ ನನ್ನ ಬಲಗಾಲಿನ ಮೀನಖಂಡ ಸುಟ್ಟಿತು. ತೊಳೆದು, ಮುಲಾಮು ಹಚ್ಚಿ, ಬಿಳಿ ಪಟ್ಟಿ ಕಟ್ಟಿದವಳೂ ಅವಳೇ.

ಹನೋಯಿ ಮುಟ್ಟುವಷ್ಟರಲ್ಲಿ ನನಗೆ ಸಾಕಾಗಿತ್ತು. ಹಸಿವು, ಸೆಕೆ, ಕಾಲುನೋವು, ಮೇಲಿನ ಮಂಚದವನ ಗೊರಕೆ. ಅವಳಿಗೆ ಒಂದು ಮಾತೂ ಹೇಳದೆ ಅಪ್ಪನ ಕಾರ್ಡಿನಲ್ಲಿ ಎಸಿ ಹೋಟೆಲಿನ ರೂಮು ಬುಕ್ ಮಾಡಿದೆ. "ಎದ್ದು ಬಾ, ನಿಂದೂ ಸೇರಿಸಿ ಮಾಡಿದೀನಿ" ಎಂದೆ.

"ನಿಮ್ಮಪ್ಪನ ದುಡ್ಡಲ್ಲಿ ನಾ ಮಲಗಲ್ಲ ಕಣೆ. ನೀ ಬೇಕಾರೆ ಹೋಗು, ನಾಳೆ ಬೆಳಿಗ್ಗೆ ಸಿಗಾನ" ಎಂದಳು.

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನನಗೇ ಮೂಗಿನ ತುದಿಯಲ್ಲಿ ಸಿಟ್ಟು. "ಬಯಲಲ್ಲಿ ಕುರಿ ಜೊತೆ ಮಲಗಿ ರೂಢಿ ಇರೋರಿಗೆ ಎಲ್ಲಿಯಾದ್ರೂ ನಡೆಯುತ್ತೆ. ನಂಗೆ ನಡೆಯಲ್ಲ" ಎಂದುಬಿಟ್ಟೆ.

ಡಾರ್ಮಿಟರಿಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ಎಲ್ಲರೂ ನಮ್ಮ ಕಡೆ ತಿರುಗಿದರು. ಸಂಗೀತ ಬಹಳ ಹೊತ್ತು ಚೀಲದ ಪಟ್ಟಿಯನ್ನು ಬಿಚ್ಚಿ ಬಿಗಿ ಮಾಡುತ್ತ ಕೂತಳು. ಆಮೇಲೆ ಹೇಳಿದಳು: "ನೀ ಊರಿಗೆ ಹೋಗು ಅರ್ಚಿತಾ. ನಾ ಮುಗಿಸ್ಕಂಡು ಬರ್ತೀನಿ."

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಕೇಳುವ ಬದಲು ಮರುದಿನ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಿಸಿದೆ.

ಒಬ್ಬಳೇ ಇದ್ದೇನೆಂದು ಗೊತ್ತಾದರೆ ಅಪ್ಪ ಆ ದಿನವೇ ವಾಪಸು ಕರೆಸುತ್ತಾನೆ ಎಂಬುದು ಸಂಗೀತಳ ಭಯ. ಅದಕ್ಕೇ ಫೋಟೊದ ಉಪಾಯ. ಹೊರಡುವ ದಿನ ಹನೋಯಿಯ ತುಂಬ ಸುತ್ತಿ, ಇಬ್ಬರದೂ ಹನ್ನೊಂದು ಫೋಟೊ ತೆಗೆದುಕೊಂಡೆವು. ಕೆರೆಯ ಪಕ್ಕ, ಹಳೆಯ ಊರಬಾಗಿಲ ಕೆಳಗೆ, ಹಣ್ಣಿನ ಸಂತೆಯಲ್ಲಿ. ಕಾಫಿ ಅಂಗಡಿಯ ಶೌಚಾಲಯಕ್ಕೆ ಹೋಗಿ ಹೋಗಿ ಬಟ್ಟೆ ಬದಲಾಯಿಸಿದೆವು. ಅವಳು ದಿನಕ್ಕೊಂದರಂತೆ ಅಪ್ಪನಿಗೆ ಕಳಿಸುವುದು, ನಾನು ಫೇಸ್‌ಬುಕ್ಕಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಎಂದು ಮಾತಾಯಿತು. ಕ್ಯಾಮೆರಾ ಮುಂದೆ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದೆವು, ಆಮೇಲೆ ಮುಖ ತಿರುಗಿಸಿ ನಡೆಯುತ್ತಿದ್ದೆವು. ಮನೆಯಲ್ಲಿ ಅಮ್ಮನಿಗೆ ಇಬ್ಬರೂ ಬಂದೆವು ಎಂದೆ. ನಿಜ ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು, ಆಗ ನಾನಂದ ಮಾತೂ ಹೊರಗೆ ಬರುತ್ತಿತ್ತು.

ಸಂಗೀತ ಅಲ್ಲಿಂದ ಉತ್ತರಕ್ಕೆ, ಚೀನಾ ಗಡಿಯ ಹತ್ತಿರದ ಗುಡ್ಡಗಾಡಿಗೆ ಬಸ್ಸು ಹತ್ತಿದಳು. ಐದು ದಿನ ನನ್ನ ಪ್ರತಿ ಮೆಸೇಜಿಗೆ 'ಆರಾಮ' ಎಂದು ಒಂದೇ ಪದದ ಉತ್ತರ ಹಾಕಿದಳು. ಆಮೇಲೆ ಅದೂ ನಿಂತಿತು. ಆ ಕಡೆ ಮಳೆ ಎಂದು ಸುದ್ದಿ ಸಿಕ್ಕಿತು. ಗುಡ್ಡ ಜರಿದು ರಸ್ತೆ ಮುಚ್ಚಿಹೋದ ಒಂದು ವಿಡಿಯೊ ಸಿಕ್ಕಿತು. ಯಾವ ಊರೆಂದು ತಿಳಿಯಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೀಟು ಹಾಕಿದ ಭಾಷೆ, ಓದಿದರೂ ಓದಿದಂತಾಗುವುದಿಲ್ಲ. ಆ ವಿಡಿಯೊವನ್ನು ನಲವತ್ತು ಸಲವಾದರೂ ನೋಡಿದ್ದೇನೆ. ಮಣ್ಣಿನಡಿ ಒಂದು ನೀಲಿ ಚೀಲದ ಮೂಲೆ ಕಂಡ ಹಾಗಾಗುತ್ತಿತ್ತು, ನಿಲ್ಲಿಸಿ ದೊಡ್ಡದು ಮಾಡಿದರೆ ತಗಡು. ಸಂಗೀತಳ ಚೀಲ ನೀಲಿ.

ಹನ್ನೊಂದು ಗಂಟೆಯ ಹೊತ್ತಿಗೆ ಕಿಟಕಿಯಲ್ಲಿ ನಿಂತಿದ್ದಾಗ ಕೆಳಗೆ ಒಬ್ಬರು ಲೋಕೇಶನ ಹತ್ತಿರ ಏನೋ ವಿಚಾರಿಸುತ್ತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲೊಂದು ಬಟ್ಟೆಯ ಚೀಲ. ಲೋಕೇಶ ಮೇಲಕ್ಕೆ ಬೆರಳು ತೋರಿಸಿದ. ಅವರು ತಲೆಯೆತ್ತಿದಾಗ ಕಿಟಕಿಯಿಂದ ಹಿಂದೆ ಸರಿದೆ. ಸಂಗೀತಳ ಅಪ್ಪ, ಹುಚ್ಚರಾಯಪ್ಪನವರು. ಶಿವಮೊಗ್ಗದ ರೂಮಿಗೆ ಎರಡು ಸಲ ರೊಟ್ಟಿ ಗಂಟು ತಂದುಕೊಟ್ಟಿದ್ದರು, ಗುರುತು ತಪ್ಪುವ ಹಾಗಿರಲಿಲ್ಲ.

ಸುದ್ದಿ ತಂದಿದ್ದಾರೆ ಎಂದುಕೊಂಡೆ. ಸಂಗೀತ ಇಲ್ಲವಾದಳು ಎಂದೇ ತಿಳಿದೆ. ಒಳಗಿನ ಕೋಣೆಗೆ ಓಡಿ ಬಾಗಿಲು ಮುಂದೆ ಮಾಡಿಕೊಂಡೆ. ಇಪ್ಪತ್ತೇಳು ವರ್ಷದವಳು, ಮಕ್ಕಳಿಗೆ ಪಾಠ ಹೇಳುವವಳು, ಬಾಗಿಲ ಹಿಂದೆ ಅವಿತು ನಿಂತೆ.

ಅಮ್ಮ ಕದ ತೆಗೆದದ್ದು ಕೇಳಿಸಿತು.

"ನಮಸ್ಕಾರ್ರಿ ಅಮ್ಮಾರೆ. ನಾನು ಹುಚ್ಚರಾಯಪ್ಪ, ಈಸೂರು ಕಡೆಯಿಂದ ಬಂದೀನಿ. ಸಂಗೀತನ ಅಪ್ಪ."

"ಓ, ಸಂಗೀತನ ಅಪ್ಪನಾ? ಬನ್ನಿ, ಒಳಗೆ ಬನ್ನಿ. ಕೂತ್ಕಳಿ. ಎಂತ ಕುಡೀತ್ರಿ?"

"ನೀರು ಸಾಕ್ರಿ. ವಕೀಲ್ರು ಇಲ್ಲೇನ್ರಿ?"

"ಕೋರ್ಟಿಗೆ ಹೋಗಿದಾರೆ. ಎಂತಾಗ್ಬೇಕಿತ್ತು?"

ನೀರು ಕುಡಿದು ಲೋಟ ಇಟ್ಟ ಸದ್ದು. "ಹಂಗಾರ ನಿಮ್ಮ ಮುಂದೇನ ಹೇಳ್ತೀನ್ರಿ. ಗಾಬರಿ ಆಗಬ್ಯಾಡ್ರಿ. ಇಂಥ ಮಾತು ಫೋನಿನಾಗ ಹೇಳಬಾರದು, ನಮ್ಮ ಕಡೆ ಹಂಗ ಹೇಳಂಗಿಲ್ಲ. ಅದಕ್ಕ ಬಸ್ಸು ಹತ್ತಿ ಬಂದೆ. ನಿಮ್ಮ ಮಗಳ ಕಾಲು ಸರಿ ಇಲ್ರಿ."

"ಕಾಲಾ?" ಎಂದಳು ಅಮ್ಮ. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ.

"ಹುಡುಗ್ಯಾರು ದಿನಾ ಒಂದು ಫೋಟೊ ಕಳಿಸ್ತಿದ್ರು. ಆ ಊರು ಕೇರಿ ನೋಡಿ ನನಗೇನು ತಿಳೀತೈತ್ರಿ? ನಾನು ಮೊದಲು ಕಾಲು ನೋಡ್ತೀನಿ. ಕುರಿ ಕಾಯೋರ ಚಟ ಅದು, ಬೆಳಿಗ್ಗೆ ಹಟ್ಟಿಯಿಂದ ಬಿಡುವಾಗ ಒಂದೊಂದರ ಕಾಲು ನೋಡೇ ಬಿಡೋದು. ನಿಮ್ಮ ಮಗಳ ಬಲಗಾಲಿಗೆ ಪಟ್ಟಿ ಕಟ್ಟೈತಿ. ಐದು ದಿನ, ಐದು ಫೋಟೊ, ಅದೇ ಪಟ್ಟಿ ರೀ. ಕಾಫಿನೋ ಚಾನೋ ಬಿದ್ದ ಕಲೆ ಸೈತ ಹಂಗೇ ಐತಿ. ಬಟ್ಟಿ ದಿನಾ ಬ್ಯಾರೆ ಹಾಕ್ಯಾಳ, ಪಟ್ಟಿ ಮಾತ್ರ ಬದಲು ಮಾಡಿಲ್ಲ. ಗಾಯ ಹಂಗ ಮುಚ್ಚಿಟ್ಟರ ಒಳಗ ಕೀವು ಹಿಡೀತೈತಿ. ನೋಡಿದಾಗಿಂದ ನನಗ ನಿದ್ದಿ ಇಲ್ಲ. ಈಗ ಎರಡು ದಿನದಿಂದ ಫೋಟೊನೂ ಇಲ್ಲ, ಫೋನೂ ಹತ್ತವಲ್ದು. ಈ ಮಗಳಿಗೆ ಜ್ವರ ಬಂದು ಆಸ್ಪತ್ರೆ ಸೇರ್ಯಾಳ, ನಮ್ಮಾಕಿ ಯಾರಿಗೂ ಹೇಳದಂಗ ಒಬ್ಬಾಕೀನ ನೋಡ್ಕಂತಾಳ ಅಂತ ಅನ್ನಿಸ್ತು. ಮನಿಯವ್ರಿಗೆ ತಿಳಿಸಬೇಕಲ್ರಿ." ಚೀಲದಿಂದ ಏನನ್ನೋ ತೆಗೆದ ಸದ್ದು. "ಬೇವಿನೆಣ್ಣಿ, ಅರಿಶಿಣ ಹಾಕಿ ಕಾಸಿದ್ದು. ಅಲ್ಲಿಗೆ ಪಾರ್ಸೆಲ್ ಮಾಡಾಕ ಬರತೈತೇನ್ರಿ?"

ಅವರು ಬಂದದ್ದು ನನ್ನ ಸುದ್ದಿ ತೆಗೆದುಕೊಂಡು. ನನ್ನ ಕಾಲಿಗೆ ಎಣ್ಣೆ ಕಾಸಿಕೊಂಡು, ಎರಡು ಬಸ್ಸು ಬದಲಿಸಿ.

"ನಮ್ಮ ಅರ್ಚಿತಾ ಇಲ್ಲೇ ಇದಾಳಲ್ರೀ" ಎಂದಳು ಅಮ್ಮ. "ಬಂದು ಆರೇಳು ದಿನ ಆತು. ನಿಮ್ಮ ಮಗಳೂ ಒಟ್ಟಿಗೇ ಬಂದಿದಾಳಲ್ವಾ?"

ಕೆಳಗೆ ಜೆರಾಕ್ಸ್ ಯಂತ್ರ ಓಡುವುದು ಕೇಳಿಸಿತು. ಇನ್ನು ಅಲ್ಲಿ ನಿಲ್ಲಲು ನಾಚಿಕೆಯಾಯಿತು, ಹೊರಗೆ ಬಂದೆ.

ಹುಚ್ಚರಾಯಪ್ಪನವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೊದಲು ನನ್ನ ಬಲಗಾಲು ನೋಡಿದರು. ಗಾಯ ಒಣಗಿ ಕಂದು ಕಲೆಯಷ್ಟೇ ಉಳಿದಿತ್ತು. "ಮಾಯೈತಿ. ಚಲೋ ಆತು ಬಿಡವ್ವ" ಎಂದರು. ನಿಜವಾಗಿಯೂ ಸಮಾಧಾನಗೊಂಡು ಅಂದರು. ಅದಾದ ಮೇಲೆ ನನ್ನ ಮುಖ ನೋಡಿದರು.

"ನಮ್ಮಾಕಿ ಎಲ್ಲಿ?"

ಹೇಳಿದೆ. ಫೋಟೊ, ಬಟ್ಟೆ ಬದಲಾಯಿಸಿದ್ದು, ವಿಮಾನ, ಉತ್ತರದ ಬಸ್ಸು, ಮಳೆ, ಎರಡು ದಿನದ ಮೌನ, ಒಂದನ್ನೂ ಬಿಡಲಿಲ್ಲ. ಜಗಳ ಯಾಕಾಯಿತೆಂದು ಅಮ್ಮ ಕೇಳಿದಳು. ನಾನಂದ ಮಾತನ್ನೂ ಹೇಳಿದೆ. ನೆಲ ನೋಡಿಕೊಂಡು ಹೇಳಿದೆ.

"ನಾಚ್ಕೆ ಆಗ್ತಿಲ್ಯಾ ನಿಂಗೆ?" ಎಂದಳು ಅಮ್ಮ. ಅವಳು ನನಗೆ ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು.

ಹುಚ್ಚರಾಯಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. "ನೀ ಅಂದಿದ್ದು ಸುಳ್ಳಲ್ಲವ್ವ. ಬಯಲಾಗ ಮಲಗ್ತೀವಿ ನಾವು. ಆದ್ರ ಒಬ್ಬರೇ ಮಲಗಂಗಿಲ್ಲ."

ಆಮೇಲಿನ ಗಂಟೆಗಳು ಹೇಗೆ ಕಳೆದವೋ ನನಗೇ ಗೊತ್ತು. ಅಮ್ಮ ಅಪ್ಪನಿಗೆ ಫೋನು ಮಾಡಿದಳು. ಹನೋಯಿಯ ನಮ್ಮ ರಾಯಭಾರ ಕಚೇರಿಗೆ ಬರೆ ಎಂದು ಅಪ್ಪ ಕೋರ್ಟಿನಿಂದಲೇ ಹೇಳಿದ. ಸಂಗೀತಳ ಪಾಸ್‌ಪೋರ್ಟಿನ ಚಿತ್ರ ನನ್ನ ಫೋನಿನಲ್ಲಿತ್ತು, ಅದನ್ನು ಸೇರಿಸಿ ಬರೆದೆ. ನಂಬರು ಎರಡು ಸಲ ತಪ್ಪಾಯಿತು. ಹಾಸ್ಟೆಲ್ಲಿನವರಿಗೆ ಬರೆದೆ. ಅವರು ಕೂಡಲೇ ಉತ್ತರಿಸಿದರು: ನಿಮ್ಮ ಗೆಳತಿ ನೀವು ಹೋದ ಮರುದಿನವೇ ಹೊರಟರು, ಮುಂದಿನದು ನಮಗೆ ತಿಳಿಯದು. ಕೊನೆಯಲ್ಲಿ ಒಂದು ನಗುವ ಮುಖದ ಚಿತ್ರ ಬೇರೆ. ನನಗೆ ಆ ಮುಖಕ್ಕೆ ಬಾರಿಸಬೇಕೆನಿಸಿತು.

ಹುಚ್ಚರಾಯಪ್ಪನವರು ನಡುನಡುವೆ ಕೇಳುತ್ತಿದ್ದರು. ಆ ಗುಡ್ಡದಲ್ಲಿ ಚಳಿಯೇ? ಆಕೆಯ ಹತ್ತಿರ ಬೆಚ್ಚನೆಯ ಬಟ್ಟೆ ಇದೆಯೇ? ಅಲ್ಲಿಯ ಮಂದಿ ಎಂಥವರು, ಹೆಣ್ಣುಮಕ್ಕಳು ಒಬ್ಬರೇ ಹೋದರೆ ಮನೆಯೊಳಗೆ ಕರೆಯುತ್ತಾರೆಯೇ? ಒಳ್ಳೆಯವರು ಎಂದೆ, ಅದು ನಿಜ. ಬಟ್ಟೆ ಇದೆ ಎಂದೆ, ಅದು ಪೂರ್ತಿ ನಿಜವಲ್ಲ. ನನ್ನ ದಪ್ಪನೆಯ ಜಾಕೆಟನ್ನು ಅವಳಿಗೆ ಕೊಟ್ಟು ಬರಬಹುದಿತ್ತು. ಸಿಟ್ಟಿನಲ್ಲಿ ಅದನ್ನೂ ಮಡಚಿ ಚೀಲಕ್ಕೆ ತುರುಕಿಕೊಂಡು ಬಂದಿದ್ದೆ.

ಅಮ್ಮ ಒತ್ತಾಯ ಮಾಡಿ ಎಲೆ ಹಾಕಿದಳು. ಅವರು ಅನ್ನ ಕಲಸಿದರು, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಕೈ ತೊಳೆಯುವಾಗ ಅವರ ಹೆಂಡತಿ ದ್ಯಾಮಮ್ಮನ ಫೋನು ಬಂತು. "ಅಂಬ್ಲಿಗೊಳದ ಕಡೆ ಮೇವು ನೋಡಾಕ ಬಂದೀನಿ. ಸಂಜಿಗೆ ಬರ್ತೀನಿ. ಹ್ಞೂಂ, ಫೋಟೊ ಬಂದೈತಿ, ಆರಾಮ ಅದಾರ" ಎಂದರು. ಫೋನಿಟ್ಟು ನನ್ನ ಕಡೆ ನೋಡಿದರು. ಸುಳ್ಳು ಈಗ ಮೂರಾಗಿತ್ತು, ಮೂರನೆಯದಕ್ಕೂ ನಾನೇ ಕಾರಣ.

ಮೂರೂವರೆಯ ಹೊತ್ತಿಗೆ ಮತ್ತೆ ಅವರ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ ಸಂಗೀತಳ ಮುಖ. ಅವರ ಬೆರಳು ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಹತ್ತಿತು. ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು.

"ಅಪ್ಪಾ!"

ಆ ದನಿ ಕೇಳಿದ್ದೇ ನನಗೆ ಅಳು ಬಂತು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದೆ. ಹುಚ್ಚರಾಯಪ್ಪನವರು ಕಣ್ಣು ಮುಚ್ಚಿ ತೆರೆದರು, ಅಷ್ಟೇ.

"ಎಲ್ಲಿದ್ಯವ್ವ?"

"ಎರಡು ದಿನ ಜೋರು ಮಳೆ ಅಪ್ಪ. ರಸ್ತೆ ಕಟ್ಟಾಗಿ ಕರೆಂಟೇ ಇರ್ಲಿಲ್ಲ, ಫೋನೆಲ್ಲ ಸತ್ತೋಗಿದ್ವು. ಒಂದು ಮನಿಯಾಗ ಉಳಕಂಡಿದ್ವಿ. ಈಗ ಕೆಳಗಿನ ಊರಿಗೆ ಬಂದ್ವಿ."

ಬಂದ್ವಿ ಎಂದಳು. ಉಳಕಂಡಿದ್ವಿ ಎಂದಳು. ಅಮ್ಮ ಹೌಹಾರಿ ನನ್ನನ್ನು ನೋಡಿದಳು. ಈಗ ಅವರು ಹೇಳುತ್ತಾರೆ, ಆಕಿ ಇಲ್ಲಿ ನನ್ನ ಮುಂದ ನಿಂತಾಳ ಎನ್ನುತ್ತಾರೆ ಎಂದು ಕಾದೆ.

"ಉಂಡ್ಯಾ?" ಎಂದರು.

"ಉಂಡೆ ಅಪ್ಪ."

"ಅರ್ಚಿತಾ?"

"ಮಲಗ್ಯಾಳಪ್ಪ, ಇಲ್ಲೇ ನನ್ನ ಪಕ್ಕದಾಗ. ನಡದು ನಡದು ಸುಸ್ತಾಗ್ಯಾಳ."

ನಾನು ಬಾಯಿ ತೆರೆಯಹೋದೆ. ಹುಚ್ಚರಾಯಪ್ಪನವರು ಅಂಗೈ ತೋರಿಸಿ ತಡೆದರು.

"ಹೆದರಿಕಿ ಆತೇನು ಮಗಾ?"

ಸಂಗೀತಳ ದನಿ ಸಣ್ಣಗಾಯಿತು. "ಆತಪ್ಪ. ಗುಡ್ಡ ಜರಿಯೋ ಸಪ್ಪಳ ರಾತ್ರಿಯೆಲ್ಲ ಕೇಳ್ತಿತ್ತು. ಒಬ್ಬಾಕೀನೇ ಇದ್ದಿದ್ರ ಜೀವಾನೇ ಹೋಗ್ತಿತ್ತು. ಅರ್ಚಿತಾ ಇದ್ದಳಲ್ಲ, ಆಕಿ ಕೈ ಹಿಡಕಂಡು ಕುಂತಿದ್ದೆ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಕೈಗಳು ನನ್ನ ಬಾಯಿಯ ಮೇಲಿದ್ದವು. ಆ ರಾತ್ರಿ ಈ ಕೈ ಇಲ್ಲಿ ಸೊರಬದಲ್ಲಿ, ದಿಂಬಿನ ಕೆಳಗಿತ್ತು.

"ಹ್ಞೂಂ. ಆಕಿ ಅದಾಳಲ್ಲ" ಎಂದರು ಹುಚ್ಚರಾಯಪ್ಪನವರು. ನನ್ನನ್ನೇ ನೋಡುತ್ತ ಹೇಳಿದರು. "ಎದ್ದ ಮ್ಯಾಲ ಆಕಿಗೆ ಹೇಳು. ಇಷ್ಟು ದೂರ ಜೋಡಿ ಹೋಗೀರಿ. ತಿರುಗಿ ಬರೋ ತನಕ ನಿನ್ನ ಬಿಟ್ಟು ಎಲ್ಲೂ ಹೋಗಬಾರದಂತ ಅಪ್ಪ ಹೇಳ್ಯಾನ ಅನ್ನು."

"ಹೇಳ್ತೀನಪ್ಪ."

"ಗುಡ್ಡ ಹತ್ತೋದು ಸಾಕು. ಕೆಳಗೇ ಇರ್ರಿ ಇಬ್ಬರೂ. ದಿನಾ ಸಂಜಿಗೆ ಫೋನ್ ಮಾಡು."

ಮಾತು ಮುಗಿಯಿತು. ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಲು ಹೋದರು, ಜೇಬೇ ಸಿಗಲಿಲ್ಲ.

"ಯಾಕೆ ಹೇಳ್ಲಿಲ್ಲ ನೀವು? ಬೈಬಹುದಿತ್ತಲ್ಲ" ಎಂದೆ.

"ಬೈಯಾಕ ಏನವ್ವ, ಬಂದ ಮ್ಯಾಲ ಬೈತೀನಿ. ಗೊತ್ತಾಗೈತಿ ಅಂತ ತಿಳಿದ್ರ ನಾಳೆ ಫೋನ್ ಮಾಡಾಕ ಹೆದರ್ತಾಳ. ಒಬ್ಬಾಕಿ ಅದಾಳ, ಆಕಿ ಫೋನ್ ಮಾಡಬೇಕು." ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೀನೂ ಆಕಿ ಬರೋ ತನಕ ಅಲ್ಲೇ ಇರು. ಇಲ್ಲಿ ಯಾರಿಗೂ ಕಾಣಬ್ಯಾಡ."

ಹೂಂ ಎಂದೆ. ಅಷ್ಟರಲ್ಲಿ ನನ್ನ ಫೋನಿಗೆ ಸಂಗೀತಳ ಮೆಸೇಜು ಬಂತು. ನನ್ನ ಹದಿನಾರು ಮೆಸೇಜುಗಳಿಗೆ ಉತ್ತರವಲ್ಲ ಅದು.

'ನೀ ಮಲಗಿದೀಯ ಅಂತ ಅಪ್ಪನಿಗೆ ಅಂದೆ. ಎದ್ದ ಮೇಲೆ ನಿನಗೆ ಹೇಳು ಅಂದಿದ್ದು: ತಿರುಗಿ ಬರೋ ತನಕ ನನ್ನ ಬಿಟ್ಟು ಎಲ್ಲೂ ಹೋಗಬಾರದಂತೆ. ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಹೇಳಿದೀನಿ.'

ಹುಚ್ಚರಾಯಪ್ಪನವರು ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಅಲ್ಲಿಯೇ ನಿಂತು ಅವಳಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಎದ್ದೆ ಕಣೆ" ಎಂದೆ. "ಇಲ್ಲೇ ಇದೀನಿ. ಎಲ್ಲೂ ಹೋಗಲ್ಲ."

ಆ ಕಡೆ ಅವಳು ಅಳತೊಡಗಿದಳು. ಅವಳ ಅಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಮರೆತು, ಆ ಅಳು ಮುಗಿಯುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದರು.